ಮುದ್ರಿಕೆಯನ್ನು ಮುಟ್ಟದೆ ಸಮಯ ತಿದ್ದುವ ವಿಧಾನ

ಒಂದೂವರೆ ಗಂಟೆಯ ಧ್ವನಿಮುದ್ರಿಕೆಯೊಂದರಲ್ಲಿ ಬೇಕಾದ ಹಾಡು ಎಷ್ಟನೆಯ ನಿಮಿಷಕ್ಕೆ ಶುರುವಾಗುತ್ತದೆ ಎಂಬ ಸಂಗತಿ ಆ ಧ್ವನಿಯೊಳಗೆ ಎಲ್ಲಿಯೂ ಬರೆದಿರುವುದಿಲ್ಲ. ಕೇಳುವ ಕಿವಿಗೆ ತಾಳ ಬದಲಾದದ್ದು, ಚಪ್ಪಾಳೆ ಬಿದ್ದದ್ದು, ಹಾಡುಗಾರರು ಗಂಟಲು ಸರಿಮಾಡಿಕೊಂಡದ್ದು ಎಲ್ಲವೂ ತಿಳಿಯುತ್ತದೆ. ಯಂತ್ರದ ಪಾಲಿಗೆ ಅದು ಒಂದರ ಹಿಂದೆ ಒಂದಾಗಿ ಬರುವ ಅಂಕಿಗಳ ಸಾಲು ಮಾತ್ರ. ಆದ್ದರಿಂದ ಉದ್ದನೆಯ ಮುದ್ರಿಕೆಯ ಜೊತೆಗೆ, ಯಾವ ಭಾಗ ಎಲ್ಲಿ ಆರಂಭವಾಗುತ್ತದೆಂದು ತಿಳಿಸುವ ಪಟ್ಟಿಯೊಂದನ್ನು ಬೇರೆಯಾಗಿಯೇ ಇಡಬೇಕಾಗುತ್ತದೆ. ಆ ಪಟ್ಟಿಗೆ ಹಾಡುಪಟ್ಟಿ ಅಥವಾ ಪ್ಲೇಲಿಸ್ಟ್ ಎಂದು ಹೆಸರು. ಅದರಲ್ಲಿ ಒಂದೊಂದು ಭಾಗವೂ ಒಂದು ಟ್ರ್ಯಾಕ್, ಆ ಟ್ರ್ಯಾಕಿನ ಮುಂದೆ ಬರೆದ ನಿಮಿಷ ಸೆಕೆಂಡುಗಳ ಗುರುತು ಅದರ ಸಮಯಸೂಚಿ. ಮುದ್ರಿಕೆಯ ಮೊದಲಿಗೆ ಎರಡು ಸೆಕೆಂಡಿನ ಮೌನ ಸೇರಿಕೊಂಡರೂ ಸಾಕು, ಪಟ್ಟಿಯಲ್ಲಿರುವ ಸಮಯಸೂಚಿಗಳೆಲ್ಲ ಒಟ್ಟಿಗೆ ತಪ್ಪುತ್ತವೆ. ಅವನ್ನು ಲೆಕ್ಕ ತಪ್ಪದಂತೆ ಒಂದೇ ಸಲಕ್ಕೆ ಸರಿಪಡಿಸಿಕೊಡುವ ಪುಟ್ಟ ತಂತ್ರಾಂಶಗಳಿವೆ. ಗುಂಡಿ, ಚಿತ್ರ, ಕಿಟಕಿ ಯಾವುದೂ ಇಲ್ಲದೆ, ಕೀಲಿಮಣೆಯಲ್ಲಿ ಟೈಪ್ ಮಾಡಿದ ಒಂದು ಸಾಲಿನ ಆದೇಶಕ್ಕೆ ಓಗೊಡುವುದರಿಂದ ಇವುಗಳನ್ನು ಕಮಾಂಡ್ ಲೈನ್ ಸಲಕರಣೆಗಳು, ಕನ್ನಡದಲ್ಲಿ ಹೇಳುವುದಾದರೆ ಆದೇಶಸಾಲಿನ ಸಲಕರಣೆಗಳು ಎನ್ನುತ್ತಾರೆ.

ಇದು ತಂತ್ರಜ್ಞರ ವಲಯಕ್ಕೆ ಮಾತ್ರ ಸೇರಿದ ವಿಷಯವೆಂದು ತೋರಬಹುದು. ಆದರೆ ಇದರ ಅಗತ್ಯ ಹುಟ್ಟುವುದು ಸಾಮಾನ್ಯ ಮನೆಗಳಲ್ಲಿ. ಬೆಂಗಳೂರಿನ ಪೂರ್ವಭಾಗದಲ್ಲಿ ಸಿ.ವಿ. ರಾಮನ್ ನಗರಕ್ಕೆ ಹೊಂದಿಕೊಂಡಿರುವ ಕಗ್ಗದಾಸಪುರ ಒಂದು ಕಾಲಕ್ಕೆ ಕೆರೆಯ ಪಕ್ಕದ ಹಳ್ಳಿಯಾಗಿದ್ದು, ಸುತ್ತಲಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯಗಳೂ ಅನಂತರ ಬಾಗ್ಮನೆ ಟೆಕ್ ಪಾರ್ಕಿನಂತಹ ಸಾಫ್ಟ್‌ವೇರ್ ಸಮುಚ್ಚಯಗಳೂ ಬೆಳೆದಂತೆ ಬೇರೆ ಬೇರೆ ಊರುಗಳಿಂದ ಕೆಲಸಕ್ಕೆ ಬಂದವರ ಬಡಾವಣೆಯಾಯಿತು. ಇಂಥ ಬಡಾವಣೆಗಳಿಗೆ ಕರಾವಳಿಯಿಂದ, ಮಲೆನಾಡಿನಿಂದ, ಕಾಸರಗೋಡಿನಿಂದ ಬಂದು ನೆಲೆಸಿದ ಕುಟುಂಬಗಳ ಅಟ್ಟದ ಮೇಲೆ ಹಿರಿಯರು ಬಿಟ್ಟುಹೋದ ಕ್ಯಾಸೆಟ್ಟುಗಳ ಡಬ್ಬವೊಂದು ಇರುವುದು ಅಪರೂಪವೇನಲ್ಲ. ಅದರಲ್ಲಿ ಅಂಗಡಿಯಿಂದ ಕೊಂಡ ಭಾವಗೀತೆ, ಚಿತ್ರಗೀತೆಗಳ ಕ್ಯಾಸೆಟ್ಟುಗಳಿಗಿಂತ ಬೆಲೆಬಾಳುವವು ಮನೆಯವರೇ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗಿ ತುಂಬಿಸಿಕೊಂಡು ಬಂದ ಮುದ್ರಿಕೆಗಳು: ಊರಿನ ತಾಳಮದ್ದಲೆ, ಗಮಕ ವಾಚನ, ಹರಿಕಥೆ, ಮದುವೆಮನೆಯ ಶೋಭಾನೆ ಹಾಡು. ಅಂಗಡಿಯ ಕ್ಯಾಸೆಟ್ಟಿಗೆ ಮುದ್ರಿತ ಹಾಡುಪಟ್ಟಿ ಇರುತ್ತದೆ. ಮನೆಯಲ್ಲಿ ತುಂಬಿಸಿದ ಕ್ಯಾಸೆಟ್ಟಿನ ಮೇಲೆ ಪ್ರಸಂಗದ ಹೆಸರು, ಊರು, ತಾರೀಖು ಇದ್ದರೆ ಅದೇ ದೊಡ್ಡದು.

ತಾಳಮದ್ದಲೆಯ ಉದಾಹರಣೆಯಿಂದ ವಿಷಯ ಸ್ಪಷ್ಟವಾಗುತ್ತದೆ. ಯಕ್ಷಗಾನದ ಈ ಪ್ರಕಾರದಲ್ಲಿ ವೇಷವೂ ಕುಣಿತವೂ ಇಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಚೆಂಡೆ ಮದ್ದಲೆಗಳ ಹಿಮ್ಮೇಳದೊಂದಿಗೆ ಹಾಡುತ್ತಾರೆ, ಅದು ಮುಗಿದ ಮೇಲೆ ಪಾತ್ರ ವಹಿಸಿದ ಅರ್ಥಧಾರಿ ಆ ಪದ್ಯವನ್ನು ಆಧಾರವಾಗಿಟ್ಟುಕೊಂಡು ಸ್ಥಳದಲ್ಲೇ ಹುಟ್ಟುವ ಮಾತಿನಲ್ಲಿ ಅರ್ಥ ಹೇಳುತ್ತಾರೆ, ಎದುರು ಪಾತ್ರದವರು ಅದಕ್ಕೆ ಉತ್ತರ ಕೊಡುತ್ತಾರೆ. ಪದ್ಯ ಮೂರು ನಿಮಿಷಕ್ಕೆ ಮುಗಿದರೆ ಅರ್ಥ ಇಪ್ಪತ್ತು ನಿಮಿಷ ನಡೆಯಬಹುದು. ಕಾಸರಗೋಡಿನ ನೆಲದಿಂದ ಬಂದ ಶೇಣಿ ಗೋಪಾಲಕೃಷ್ಣ ಭಟ್ಟರಂತಹ (1918–2006) ಅರ್ಥಧಾರಿಗಳ ಮಾತನ್ನು ಕೇಳಬಯಸುವ ವಿದ್ಯಾರ್ಥಿಗೆ ಬೇಕಾದದ್ದು ಇಡೀ ರಾತ್ರಿಯ ಮುದ್ರಿಕೆಯಲ್ಲ. ಕರ್ಣನೋ ವಾಲಿಯೋ ಒಂದು ನಿರ್ದಿಷ್ಟ ಪದ್ಯಕ್ಕೆ ಹೇಳಿದ ಅರ್ಥ, ಅದಕ್ಕೆ ಎದುರಾಳಿ ಕೊಟ್ಟ ಉತ್ತರ. ಸಮಯಸೂಚಿಗಳಿಲ್ಲದ ಐದು ಗಂಟೆಯ ಮುದ್ರಿಕೆಯಲ್ಲಿ ಅದನ್ನು ಹುಡುಕಲು ಐದು ಗಂಟೆಯೇ ಬೇಕು, ತಪ್ಪು ಸಮಯಸೂಚಿಗಳಿದ್ದರೆ ಅದಕ್ಕಿಂತಲೂ ಹೆಚ್ಚು.

ಮುದ್ರಿಕೆಯಲ್ಲಿ ಗುರುತು ಇಡುವ ಸಮಸ್ಯೆ ಧ್ವನಿಮುದ್ರಣದಷ್ಟೇ ಹಳೆಯದು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ಮುದ್ರಿಸಿಕೊಂಡಾಗ, ಹಾಡು ಮುಗಿಯುತ್ತಿದ್ದಂತೆಯೇ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದರು. ಅಚ್ಚಿಗೆಂದು ಜರ್ಮನಿಯ ಹ್ಯಾನೋವರಿಗೆ ಹೋಗುತ್ತಿದ್ದ ಮೂಲ ತಟ್ಟೆಗಳಲ್ಲಿ ಯಾವುದು ಯಾರದೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲು ಇದ್ದ ಉಪಾಯ ಅದಾಗಿತ್ತು. ಮುಂದೆ ಮೈಸೂರಿನ ಆಸ್ಥಾನಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡ ಆ ಗಾಯಕಿಯ ಘೋಷಣೆಯನ್ನು ಇಂದು ರಸಿಕರು ಕುತೂಹಲದಿಂದ ಕೇಳುತ್ತಾರೆ. ವಾಸ್ತವವಾಗಿ ಅದು ಧ್ವನಿಯೊಳಗೇ ಬರೆದ ಹೆಸರುಚೀಟಿ. ಸುಮಾರು ಮೂರು ನಿಮಿಷ ಮಾತ್ರ ಹಿಡಿಯುತ್ತಿದ್ದ ಆ ತಟ್ಟೆಗಳಿಗೆ ಸಮಯಸೂಚಿಯ ಅಗತ್ಯ ಇರಲಿಲ್ಲ, ಒಂದು ಬದಿಗೆ ಒಂದೇ ಹಾಡು. 1948ರಲ್ಲಿ ಬಂದ ಲಾಂಗ್ ಪ್ಲೇ ತಟ್ಟೆಗಳಲ್ಲಿ ಎರಡು ಹಾಡುಗಳ ನಡುವೆ ಗೆರೆಗಳ ಅಂತರ ಅಗಲವಾಗಿ ಕಣ್ಣಿಗೇ ಕಾಣುತ್ತಿದ್ದುದರಿಂದ ಮುಳ್ಳನ್ನು ಅಲ್ಲಿಗೆ ಇಳಿಸಿದರಾಯಿತು. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಕ್ಯಾಸೆಟ್ಟಿನಲ್ಲಿ ಈ ಅನುಕೂಲವೂ ಹೋಯಿತು. ಟೇಪಿನ ಕಂದು ಪಟ್ಟಿಯನ್ನು ನೋಡಿ ಏನನ್ನೂ ಹೇಳುವಂತಿಲ್ಲ. ಫಾರ್ವರ್ಡ್, ರಿವೈಂಡ್ ಮಾಡುತ್ತ ಅಂದಾಜಿನ ಮೇಲೆ ನಿಲ್ಲಿಸಿ ಕೇಳುವುದೊಂದೇ ದಾರಿಯಾಯಿತು.

ಸಿ.ಡಿ. ಬಂದಾಗ ಗುರುತಿನ ಪಟ್ಟಿ ಮೊದಲ ಬಾರಿಗೆ ಮುದ್ರಿಕೆಯ ಅಂಗವೇ ಆಯಿತು. ಫಿಲಿಪ್ಸ್ ಮತ್ತು ಸೋನಿ ಸೇರಿ 1980ರಲ್ಲಿ ರೂಪಿಸಿದ, ರೆಡ್ ಬುಕ್ ಎಂದು ಹೆಸರಾದ ನಿಯಮಾವಳಿಯ ಪ್ರಕಾರ ಸಿ.ಡಿ.ಯ ಒಳಸುತ್ತಿನಲ್ಲಿ ಪರಿವಿಡಿಯೊಂದಿದ್ದು, ಯಾವ ಟ್ರ್ಯಾಕ್ ಎಲ್ಲಿ ಆರಂಭವಾಗುತ್ತದೆಂಬುದು ಅದರಲ್ಲಿ ನಮೂದಾಗಿರುತ್ತದೆ, ಒಂದು ಸಿ.ಡಿ.ಯಲ್ಲಿ ಹೆಚ್ಚೆಂದರೆ 99 ಟ್ರ್ಯಾಕುಗಳು. ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಯಾಗಿ ಬರೆಯಲಾಗುತ್ತದೆ. ಈ ಅಳತೆಗಳನ್ನು 588ರ ಕಟ್ಟುಗಳಾಗಿ ಮಾಡಿದಾಗ ಒಂದು ಸೆಕೆಂಡಿಗೆ ಸರಿಯಾಗಿ 75 ಕಟ್ಟುಗಳಾಗುತ್ತವೆ. ಈ ಕಟ್ಟಿಗೆ ಫ್ರೇಮ್ ಎಂದು ಹೆಸರು. ಹೀಗಾಗಿ ಸಿ.ಡಿ.ಯ ಲೋಕದಲ್ಲಿ ಸಮಯದ ಅತಿ ಚಿಕ್ಕ ಮಾನ ಸೆಕೆಂಡಿನ ನೂರರಲ್ಲಿ ಒಂದು ಭಾಗವಲ್ಲ, ಎಪ್ಪತ್ತೈದರಲ್ಲಿ ಒಂದು ಭಾಗ. ಮುಂದೆ ಹೇಳುವ ತೊಡಕುಗಳಲ್ಲಿ ಹೆಚ್ಚಿನವು ಈ ಎಪ್ಪತ್ತೈದರಿಂದಲೇ ಹುಟ್ಟುತ್ತವೆ.

ಸಿ.ಡಿ.ಯನ್ನು ಮನೆಯಲ್ಲೇ ಬರೆಯುವ ಯಂತ್ರಗಳು ಬಂದ 1990ರ ದಶಕದಲ್ಲಿ ಗೋಲ್ಡನ್‌ಹಾಕ್ ಟೆಕ್ನಾಲಜಿ ಎಂಬ ಸಂಸ್ಥೆಯ ಸಿಡಿಆರ್‌ವಿನ್ ತಂತ್ರಾಂಶದೊಂದಿಗೆ ಕ್ಯೂ ಶೀಟ್ ಎಂಬ ಕಡತದ ಮಾದರಿ ಬಳಕೆಗೆ ಬಂತು. ಕಡತವೆಂದರೆ ಫೈಲ್, ಇದು ಯಾವುದೇ ಸಾಧಾರಣ ಬರಹದ ತಂತ್ರಾಂಶದಲ್ಲಿ ತೆರೆದು ಓದಬಹುದಾದ ಅಕ್ಷರಗಳ ಕಡತ. ಮೊದಲ ಸಾಲು ಧ್ವನಿಯ ಕಡತದ ಹೆಸರನ್ನು ಹೇಳುತ್ತದೆ, ಅನಂತರ ಪ್ರತಿ ಟ್ರ್ಯಾಕಿನ ಸಂಖ್ಯೆ, ಶೀರ್ಷಿಕೆ, ಹಾಡಿದವರ ಹೆಸರು, ಕೊನೆಗೆ ಇಂಡೆಕ್ಸ್ ಎಂಬ ಪದದ ಮುಂದೆ ಸಮಯಸೂಚಿ ಬರುತ್ತದೆ. ಸಮಯಸೂಚಿಯಲ್ಲಿ ಎರಡೆರಡು ಅಂಕಿಗಳ ಮೂರು ಭಾಗಗಳಿದ್ದು ಕ್ರಮವಾಗಿ ನಿಮಿಷ, ಸೆಕೆಂಡು, ಫ್ರೇಮುಗಳನ್ನು ಸೂಚಿಸುತ್ತವೆ. ಗಂಟೆಗೆ ಇಲ್ಲಿ ಜಾಗವೇ ಇಲ್ಲ. ಸಿ.ಡಿ.ಯ ಧಾರಣೆ 74 ನಿಮಿಷದ ಆಸುಪಾಸಿನದಾಗಿದ್ದರಿಂದ ಅದರ ಅಗತ್ಯವೂ ಇರಲಿಲ್ಲ; ಐದು ಗಂಟೆಯ ತಾಳಮದ್ದಲೆಗೆ ಕ್ಯೂ ಶೀಟ್ ಬರೆಯುವಾಗ ಮಾತ್ರ ನಿಮಿಷದ ಸ್ಥಾನದಲ್ಲಿ 300ರವರೆಗೆ ಎಣಿಸಬೇಕಾಗುತ್ತದೆ, ಅದನ್ನು ಕೆಲವು ತಂತ್ರಾಂಶಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ.

ಈ ಮಾದರಿಯಲ್ಲಿ ತಾಳಮದ್ದಲೆಗೆಂದೇ ಮಾಡಿಟ್ಟಂತಹ ಅನುಕೂಲವೊಂದಿದೆ. ಒಂದು ಟ್ರ್ಯಾಕಿನೊಳಗೆ ಒಂದಕ್ಕಿಂತ ಹೆಚ್ಚು ಇಂಡೆಕ್ಸ್ ಸಾಲುಗಳನ್ನು ಬರೆಯಬಹುದು. 00 ಎಂಬ ಇಂಡೆಕ್ಸ್ ಟ್ರ್ಯಾಕಿಗೆ ಮುಂಚಿನ ವಿರಾಮವನ್ನೂ, 01 ಎಂಬುದು ಟ್ರ್ಯಾಕಿನ ನಿಜವಾದ ಆರಂಭವನ್ನೂ, 02ರಿಂದ ಮುಂದಿನವು ಒಳವಿಭಾಗಗಳನ್ನೂ ಸೂಚಿಸುತ್ತವೆ. ಪದ್ಯಕ್ಕೆ ಮುಂಚಿನ ಚೆಂಡೆ ಮದ್ದಲೆಯ ನುಡಿತಕ್ಕೆ 00, ಭಾಗವತರು ಪದ್ಯವನ್ನು ಎತ್ತಿಕೊಳ್ಳುವಲ್ಲಿಗೆ 01, ಅರ್ಥಧಾರಿ ಬಾಯಿ ತೆರೆಯುವಲ್ಲಿಗೆ 02 ಎಂದು ಗುರುತು ಹಾಕಿದರೆ ಇಡೀ ಪ್ರಸಂಗದ ನಡೆ ಒಂದು ಪುಟದ ಪಟ್ಟಿಯಲ್ಲಿ ಕಣ್ಣಿಗೆ ಕಟ್ಟುತ್ತದೆ. ಸಿ.ಡಿ.ಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಮಾದರಿಯೊಂದು ಪದ್ಯ–ಅರ್ಥಗಳ ಜೋಡಿಗೆ ಇಷ್ಟು ಚೆನ್ನಾಗಿ ಒದಗುವುದು ಸಂತೋಷದ ಸಂಗತಿ.

ಹೀಗೆ ಬರೆದ ಪಟ್ಟಿಯಲ್ಲಿ ಸಮಯವನ್ನು ಏಕೆ ತಿದ್ದಬೇಕಾಗುತ್ತದೆ ಎಂಬುದಕ್ಕೆ ಮೊದಲ ಕಾರಣ ಕ್ಯಾಸೆಟ್ಟಿಗೆ ಎರಡು ಬದಿಗಳಿರುವುದು. ಸಿ-90 ಕ್ಯಾಸೆಟ್ಟಿನ ಒಂದೊಂದು ಬದಿಗೆ ಸುಮಾರು 45 ನಿಮಿಷ. ಡಿಜಿಟಲ್ ರೂಪಕ್ಕೆ ತರುವಾಗ ಎರಡು ಬದಿಗಳೂ ಎರಡು ಕಡತಗಳಾಗುತ್ತವೆ, ಗುರುತುಪಟ್ಟಿಯಲ್ಲಿ ಎರಡನೆಯ ಬದಿಯ ಸಮಯ ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ. ಕೇಳಲು ಅನುಕೂಲವಾಗಲೆಂದು ಎರಡನ್ನೂ ಒಂದೇ ಕಡತವಾಗಿ ಜೋಡಿಸಿದ ಕೂಡಲೇ ಎರಡನೆಯ ಬದಿಯ ಪ್ರತಿಯೊಂದು ಸಮಯಸೂಚಿಗೂ ಮೊದಲ ಬದಿಯ ಉದ್ದವನ್ನು ಕೂಡಿಸಬೇಕು. ಮೊದಲ ಬದಿಯ ಉದ್ದ 44 ನಿಮಿಷ 52 ಸೆಕೆಂಡು 30 ಫ್ರೇಮುಗಳೆಂದೂ, ಎರಡನೆಯ ಬದಿಯಲ್ಲಿ ಒಂದು ಪದ್ಯ 17 ನಿಮಿಷ 31 ಸೆಕೆಂಡು 60 ಫ್ರೇಮಿಗೆ ಆರಂಭವಾಗುತ್ತದೆಂದೂ ಇಟ್ಟುಕೊಳ್ಳೋಣ. ಫ್ರೇಮುಗಳ ಮೊತ್ತ 90. ಅದರಲ್ಲಿ 75 ಹೋಗಿ ಒಂದು ಸೆಕೆಂಡಾಗಿ, 15 ಉಳಿಯುತ್ತದೆ. ಸೆಕೆಂಡುಗಳು 52, 31 ಮತ್ತು ದಶಕವಾಗಿ ಬಂದ 1 ಸೇರಿ 84. ಅದರಲ್ಲಿ 60 ಹೋಗಿ ಒಂದು ನಿಮಿಷವಾಗಿ, 24 ಉಳಿಯುತ್ತದೆ. ನಿಮಿಷಗಳು 44, 17 ಮತ್ತು 1 ಸೇರಿ 62. ಎಂದರೆ ಹೊಸ ಸಮಯಸೂಚಿ 62:24:15. ಕೊನೆಯ ಎರಡು ಅಂಕಿಗಳನ್ನು ಸೆಕೆಂಡಿನ ನೂರನೆಯ ಭಾಗಗಳೆಂದು ಭಾವಿಸಿ ಕೂಡಿಸಿದವರಿಗೆ ಸಿಗುವ ಉತ್ತರ 62:23:90. ಫ್ರೇಮಿನ ಸ್ಥಾನದಲ್ಲಿ 74ಕ್ಕಿಂತ ದೊಡ್ಡ ಸಂಖ್ಯೆ ಬರುವಂತೆಯೇ ಇಲ್ಲವಾದ್ದರಿಂದ ಪ್ಲೇಯರ್ ಆ ಪಟ್ಟಿಯನ್ನೇ ತಿರಸ್ಕರಿಸಬಹುದು.

ಸಲಕರಣೆ ಈ ದಶಕದ ಲೆಕ್ಕವನ್ನು ಹಂತಹಂತವಾಗಿ ಮಾಡುವುದಿಲ್ಲ. ಅದು ಪ್ರತಿಯೊಂದು ಸಮಯಸೂಚಿಯನ್ನೂ ಮೊದಲು ಬರೀ ಫ್ರೇಮುಗಳಿಗೆ ಇಳಿಸುತ್ತದೆ: ಮೇಲಿನ ಎರಡು ಸಮಯಗಳು ಕ್ರಮವಾಗಿ 2,01,930 ಮತ್ತು 78,885 ಫ್ರೇಮುಗಳಾಗುತ್ತವೆ, ಮೊತ್ತ 2,80,815, ಅದನ್ನು ಮತ್ತೆ ನಿಮಿಷ ಸೆಕೆಂಡು ಫ್ರೇಮುಗಳಾಗಿ ಒಡೆದು ಬರೆದರೆ ಮುಗಿಯಿತು. ಒಂದು ಗುರುತಿಗೆ ಇಷ್ಟು ಲೆಕ್ಕ ಕೈಯಲ್ಲೂ ಮಾಡಬಹುದು. ಎಂಬತ್ತು ಗುರುತುಗಳಿಗೆ ಮಾಡುವಾಗ ಎಲ್ಲೋ ಒಂದು ಕಡೆ ತಪ್ಪು ನುಸುಳುತ್ತದೆ, ನುಸುಳಿದ್ದು ಎಷ್ಟೋ ದಿನಗಳ ಮೇಲೆ ಯಾರೋ ಕೇಳುವಾಗ ಮಾತ್ರ ಗೊತ್ತಾಗುತ್ತದೆ.

ಎರಡನೆಯ ಕಾರಣ ಹೆಚ್ಚು ಕಷ್ಟದ್ದು, ಅದು ಟೇಪಿನ ವೇಗಕ್ಕೆ ಸಂಬಂಧಿಸಿದ್ದು. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡಬೇಕೆಂಬುದು ನಿಯಮ. ಹಳೆಯ ಮನೆಬಳಕೆಯ ಯಂತ್ರಗಳಲ್ಲಿ ರಬ್ಬರ್ ಬೆಲ್ಟ್ ಸಡಿಲವಾಗಿ, ಉರುಳೆಗೆ ಕೊಳೆ ಮೆತ್ತಿ, ಬ್ಯಾಟರಿ ಇಳಿದು ಆ ವೇಗ ಹೆಚ್ಚುಕಡಿಮೆಯಾಗುವುದು ಸಾಮಾನ್ಯ; ಸಿ-60ಕ್ಕಿಂತ ತೆಳುವಾದ ಸಿ-90 ಟೇಪು ಜಗ್ಗುವ ಸಂಭವವೂ ಉಂಟು. ಒಂದು ಯಂತ್ರದಲ್ಲಿ ಕೇಳುತ್ತ ಬರೆದ ಗುರುತುಪಟ್ಟಿಯನ್ನು, ಅದಕ್ಕಿಂತ ನೂರಕ್ಕೆ ಒಂದರಷ್ಟು ವೇಗವಾಗಿ ಓಡುವ ಇನ್ನೊಂದು ಯಂತ್ರದಿಂದ ತೆಗೆದ ಡಿಜಿಟಲ್ ಕಡತಕ್ಕೆ ಜೋಡಿಸಿದರೆ ಹತ್ತನೆಯ ನಿಮಿಷಕ್ಕೆ ಸುಮಾರು 6 ಸೆಕೆಂಡು, 45ನೆಯ ನಿಮಿಷಕ್ಕೆ ಸುಮಾರು 27 ಸೆಕೆಂಡು ವ್ಯತ್ಯಾಸ ಬರುತ್ತದೆ. ಎಲ್ಲ ಗುರುತುಗಳನ್ನೂ ಒಂದೇ ಪ್ರಮಾಣದಲ್ಲಿ ಹಿಂದೆ ಮುಂದೆ ಸರಿಸಿದರೆ ಇದು ಸರಿಹೋಗುವುದಿಲ್ಲ. ಪಟ್ಟಿಯನ್ನು ರಬ್ಬರಿನ ಅಳತೆಪಟ್ಟಿಯಂತೆ ಎಳೆಯಬೇಕು ಅಥವಾ ಕುಗ್ಗಿಸಬೇಕು.

ಇದಕ್ಕೆ ಎರಡು ಖಚಿತ ಗುರುತುಗಳು ಸಾಕು. ಹಳೆಯ ಪಟ್ಟಿಯಲ್ಲಿ 2ನೆಯ ನಿಮಿಷಕ್ಕೂ 42ನೆಯ ನಿಮಿಷಕ್ಕೂ ಇದ್ದ ಎರಡು ಪದ್ಯಗಳು ಹೊಸ ಕಡತದಲ್ಲಿ 2 ನಿಮಿಷ 3 ಸೆಕೆಂಡಿಗೂ 41 ನಿಮಿಷ 39 ಸೆಕೆಂಡಿಗೂ ಕೇಳಿಸಿದರೆ, ಹಳೆಯ ಅಂತರ 2,400 ಸೆಕೆಂಡು, ಹೊಸ ಅಂತರ 2,376 ಸೆಕೆಂಡು, ಅನುಪಾತ 0.99. ನಡುವಿನ ಯಾವುದೇ ಗುರುತಿನ ಹೊಸ ಸಮಯ ಈ ಅನುಪಾತದಿಂದ ತಾನಾಗಿ ದೊರೆಯುತ್ತದೆ. ಹಳೆಯ 22ನೆಯ ನಿಮಿಷದ ಪದ್ಯ ಹೊಸ ಕಡತದಲ್ಲಿ 21 ನಿಮಿಷ 51 ಸೆಕೆಂಡಿಗೆ ಸಿಗಬೇಕು, ಅಲ್ಲಿ ಕೇಳಿನೋಡಿ ತಾಳೆಯಾದರೆ ಲೆಕ್ಕ ಸರಿ. ತಾಳೆಯಾಗದಿದ್ದರೆ ನಡುವೆ ಎಲ್ಲೋ ಟೇಪು ಸಿಕ್ಕಿಕೊಂಡಿದೆ ಅಥವಾ ತುಂಬಿಸುವವರು ಒಂದಷ್ಟು ಹೊತ್ತು ನಿಲ್ಲಿಸಿದ್ದಾರೆಂದು ತಿಳಿದು, ಆ ಜಾಗದಿಂದ ಮುಂದಿನ ಗುರುತುಗಳನ್ನು ಮಾತ್ರ ಬೇರೆಯಾಗಿ ಸರಿಸಬೇಕು. ಸರಿಸುವುದು, ಹಿಗ್ಗಿಸುವುದು, ಒಂದು ಗೊತ್ತಾದ ಟ್ರ್ಯಾಕಿನಿಂದ ಮುಂದಕ್ಕೆ ಮಾತ್ರ ಸರಿಸುವುದು ಎಂಬ ಈ ಮೂರು ಕೆಲಸಗಳನ್ನು ಬಲ್ಲ ಸಲಕರಣೆ ಕ್ಯಾಸೆಟ್ಟಿನ ಬಹುತೇಕ ತೊಂದರೆಗಳನ್ನು ನೀಗಿಸುತ್ತದೆ.

ಖಚಿತ ಗುರುತನ್ನು ಆರಿಸುವುದರಲ್ಲಿ ಕಿವಿಯ ಜಾಣ್ಮೆ ಬೇಕು. ಮಾತು ನಿಧಾನವಾಗಿ ಶುರುವಾಗುವ ಜಾಗಕ್ಕಿಂತ ಥಟ್ಟನೆ ಕೇಳುವ ಸದ್ದು ಒಳ್ಳೆಯದು: ಚೆಂಡೆಯ ಮೊದಲ ಪೆಟ್ಟು, ಜಾಗಟೆ, ಬಾಗಿಲು ಬಡಿದ ಶಬ್ದ. ಒಂದೇ ಕಾರ್ಯಕ್ರಮವನ್ನು ಇಬ್ಬರು ಬೇರೆ ಬೇರೆ ಯಂತ್ರಗಳಲ್ಲಿ ತುಂಬಿಸಿಕೊಂಡಿದ್ದರೆ ಎರಡರಲ್ಲೂ ಬಿದ್ದಿರುವ ಹೊರಗಿನ ಸದ್ದು ಬಹಳ ಉಪಕಾರಿ. ಕಗ್ಗದಾಸಪುರದ ರೈಲ್ವೆ ಗೇಟಿನ ಸಮೀಪದ ಮನೆಯೊಂದರಲ್ಲಿ ಗಮಕ ವಾಚನ ನಡೆಯಿತೆಂದರೆ ಅದರ ಮುದ್ರಿಕೆಯಲ್ಲಿ ರೈಲಿನ ಕೂಗು ಇಲ್ಲದಿರುವುದು ಕಷ್ಟ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಆರಂಭವಾಗುವವರೆಗೆ ನಗರದ ಪ್ರಯಾಣಿಕರ ವಿಮಾನಗಳೆಲ್ಲ ಹತ್ತಿರದ ಎಚ್‌ಎಎಲ್ ನಿಲ್ದಾಣದಿಂದಲೇ ಹಾರುತ್ತಿದ್ದುದರಿಂದ ಆ ಕಾಲದ ಮುದ್ರಿಕೆಯಲ್ಲಿ ವಿಮಾನದ ಮೊರೆತವೂ ಇರುವುದು ಸಹಜ. ವಾಚನ ಕೇಳುವಾಗ ಅಡ್ಡಿಯೆನಿಸಿದ ಅದೇ ರೈಲಿನ ಕೂಗು ಎರಡು ಮುದ್ರಿಕೆಗಳ ಸಮಯವನ್ನು ಒಂದಕ್ಕೊಂದು ಹೊಂದಿಸುವಾಗ ನಂಬಬಹುದಾದ ಗೂಟವಾಗಿ ನಿಲ್ಲುತ್ತದೆ. ಈ ಕಾರಣಕ್ಕೂ ಹಳೆಯ ಮುದ್ರಿಕೆಯಿಂದ ಹಿನ್ನೆಲೆಯ ಸದ್ದನ್ನು ಒರೆಸಿಹಾಕುವ ಆತುರ ಒಳ್ಳೆಯದಲ್ಲ.

ಈ ಕೆಲಸಕ್ಕೆ ಆದೇಶಸಾಲೇ ಏಕೆ ಎಂಬ ಪ್ರಶ್ನೆಗೆ ಉತ್ತರ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಪರಂಪರೆಯಲ್ಲಿದೆ. ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಿಂದ ಕಟ್ಟಿಬೆಳೆಸಿದ ಈ ವ್ಯವಸ್ಥೆಯಲ್ಲಿ ಒಂದೊಂದು ಸಲಕರಣೆಯೂ ಒಂದೇ ಕೆಲಸವನ್ನು ಚೆನ್ನಾಗಿ ಮಾಡಬೇಕು, ಅಕ್ಷರರೂಪದ ಕಡತವನ್ನು ಒಳಗೆ ತೆಗೆದುಕೊಂಡು ಅಕ್ಷರರೂಪದಲ್ಲೇ ಹೊರಗೆ ಕೊಡಬೇಕು, ಒಂದರ ಫಲಿತಾಂಶ ಇನ್ನೊಂದಕ್ಕೆ ಕೊಳವೆಯಲ್ಲಿ ಹರಿದಂತೆ ಹೋಗಬೇಕು ಎಂಬ ನಡಾವಳಿ ಬೆಳೆಯಿತು. ಪೈಪ್ ಎಂಬ ಆ ಕೊಳವೆ 1973ರಲ್ಲಿ ಬಂತು, ಅಕ್ಷರದ ಸಾಲುಗಳನ್ನು ಒಂದೊಂದಾಗಿ ಓದಿ ಲೆಕ್ಕ ಮಾಡುವ ಆಕ್ ಎಂಬ ಪುಟ್ಟ ಭಾಷೆ 1977ರಲ್ಲಿ. ಕ್ಯೂ ಶೀಟ್ ಅಕ್ಷರದ ಕಡತವಾದ್ದರಿಂದ ಅದರ ಸಮಯ ತಿದ್ದುವ ಸಲಕರಣೆಯನ್ನು ಆಕ್ ಬಲ್ಲವರು ಹತ್ತಿಪ್ಪತ್ತು ಸಾಲುಗಳಲ್ಲಿ ತಾವೇ ಬರೆದುಕೊಳ್ಳಬಹುದು. ಬಳಸುವವರು ಟರ್ಮಿನಲ್ ಎಂಬ ಕಪ್ಪು ಪರದೆಯಲ್ಲಿ ನಾಲ್ಕು ಸಂಗತಿಗಳನ್ನು ಒಂದೇ ಸಾಲಿನಲ್ಲಿ ತಿಳಿಸಿದರೆ ಸಾಕು: ಸಲಕರಣೆಯ ಹೆಸರು, ಎಷ್ಟು ಸರಿಸಬೇಕು ಅಥವಾ ಎಷ್ಟು ಹಿಗ್ಗಿಸಬೇಕು, ಯಾವ ಪಟ್ಟಿಯನ್ನು ಓದಬೇಕು, ತಿದ್ದಿದ ಪಟ್ಟಿಯನ್ನು ಯಾವ ಹೆಸರಿನಲ್ಲಿ ಬರೆಯಬೇಕು. ನಲವತ್ತು ಕ್ಯಾಸೆಟ್ಟುಗಳ ಪಟ್ಟಿಗಳನ್ನು ಒಟ್ಟಿಗೆ ತಿದ್ದುವುದಿದ್ದರೆ ಅದೇ ಸಾಲನ್ನು ನಲವತ್ತು ಬಾರಿ ಯಂತ್ರವೇ ನಡೆಸುತ್ತದೆ, ನಡೆಸಿದ ಆದೇಶವೂ ದಾಖಲೆಯಾಗಿ ಉಳಿಯುತ್ತದೆ. ಕಗ್ಗದಾಸಪುರದಂತಹ ಬಡಾವಣೆಯಲ್ಲಿ ಹಗಲೆಲ್ಲ ಟರ್ಮಿನಲ್ಲಿನ ಮುಂದೆ ಕುಳಿತು ದುಡಿಯುವವರಿಗೂ ಅಟ್ಟದ ಮೇಲೆ ಅಜ್ಜನ ಕ್ಯಾಸೆಟ್ಟುಗಳಿರುವವರಿಗೂ ನಡುವೆ ಬಹಳ ದೂರವಿಲ್ಲ, ಎಷ್ಟೋ ಸಲ ಅವರು ಒಬ್ಬರೇ.

ಒಳ್ಳೆಯ ಸಲಕರಣೆಯನ್ನು ಕೆಟ್ಟದ್ದರಿಂದ ಬೇರ್ಪಡಿಸುವುದು ಅದು ಏನನ್ನು ಮುಟ್ಟದೆ ಬಿಡುತ್ತದೆ ಎಂಬುದು. ಕ್ಯೂ ಶೀಟಿನಲ್ಲಿ ಪ್ರೀಗ್ಯಾಪ್ ಎಂಬ ಸಾಲಿನಲ್ಲೂ ನಿಮಿಷ ಸೆಕೆಂಡುಗಳಿರುತ್ತವೆ; ಅವು ಟ್ರ್ಯಾಕಿಗೆ ಮುಂಚೆ ಸೇರಿಸಬೇಕಾದ ಮೌನದ ಅವಧಿಯೇ ಹೊರತು ಕಡತದೊಳಗಿನ ಸ್ಥಾನವಲ್ಲ. ಕಣ್ಣಿಗೆ ಬಿದ್ದ ಸಮಯವನ್ನೆಲ್ಲ ಸರಿಸುವ ಸಲಕರಣೆ ಎರಡು ಸೆಕೆಂಡಿನ ಮೌನವನ್ನು ಸುಮಾರು ನಲವತ್ತೈದು ನಿಮಿಷದ ಮೌನವಾಗಿ ಮಾಡಿಬಿಡುತ್ತದೆ. ಇದಕ್ಕೆ ತದ್ವಿರುದ್ಧವಾಗಿ, 01 ಎಂಬ ಇಂಡೆಕ್ಸನ್ನು ಮಾತ್ರ ಸರಿಸಿ 02ನ್ನು ಹಾಗೆಯೇ ಬಿಡುವ ಸಲಕರಣೆಯಿಂದ ಪದ್ಯ ಒಂದು ಕಡೆ, ಅರ್ಥ ಇನ್ನೊಂದು ಕಡೆ ಆಗುತ್ತದೆ. ಹಿಂದಕ್ಕೆ ಸರಿಸುವಾಗ ಸಮಯ ಸೊನ್ನೆಗಿಂತ ಕಡಿಮೆಯಾದರೆ ಸಲಕರಣೆ ಅದನ್ನು ಗುಟ್ಟಾಗಿ ಸೊನ್ನೆ ಮಾಡದೆ, ಕೆಲಸ ನಿಲ್ಲಿಸಿ ಕಾರಣ ಹೇಳಬೇಕು. ಮುಂದಕ್ಕೆ ಸರಿಸುವಾಗ ಬೇರೊಂದು ತೊಡಕು: ಕಡತದ ಮೊದಲ ಇಂಡೆಕ್ಸ್ 00:00:00 ಆಗಿರಬೇಕೆಂಬುದು ಈ ಮಾದರಿಯ ಮೂಲ ನಿಯಮವಾದ್ದರಿಂದ, ಮೊದಲ ಟ್ರ್ಯಾಕಿಗೆ ಸೊನ್ನೆಯಿಂದ ಆರಂಭವಾಗುವ 00 ಎಂಬ ಇಂಡೆಕ್ಸ್ ಸಾಲನ್ನು ಸೇರಿಸಬೇಕಾಗುತ್ತದೆ. ಹಿಗ್ಗಿಸುವ ಲೆಕ್ಕದಲ್ಲಿ ಉತ್ತರ ಫ್ರೇಮಿನ ಭಿನ್ನರಾಶಿಯಾಗಿ ಬಂದಾಗ ಸಮೀಪದ ಪೂರ್ಣಸಂಖ್ಯೆಗೆ ತರಲೇಬೇಕು. ಒಮ್ಮೆ ತಿದ್ದಿದ್ದನ್ನೇ ಮತ್ತೆ ಮತ್ತೆ ತಿದ್ದುತ್ತ ಹೋದರೆ ಈ ಚೂರುಗಳು ಕೂಡುತ್ತ ಹೋಗುವುದರಿಂದ ಪ್ರತಿ ಬಾರಿಯೂ ಮೂಲ ಪಟ್ಟಿಯಿಂದಲೇ ಹೊಸ ಪಟ್ಟಿಯನ್ನು ತಯಾರಿಸುವುದು ಲೇಸು.

ಕನ್ನಡದ ಪಟ್ಟಿಗಳಿಗೆ ಲಿಪಿಯ ತೊಂದರೆಯೂ ಉಂಟು. ಕನ್ನಡ ಅಕ್ಷರಗಳು ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, ಎಂದರೆ 1991ರಲ್ಲೇ, ಸ್ಥಾನ ಪಡೆದಿದ್ದರೂ ಕ್ಯೂ ಶೀಟ್ ಹುಟ್ಟಿದ್ದು ರೋಮನ್ ಅಕ್ಷರಗಳನ್ನಷ್ಟೇ ಎಣಿಸಿದ ತಂತ್ರಾಂಶದೊಂದಿಗೆ. ಆದ್ದರಿಂದ ಹಳೆಯ ತಂತ್ರಾಂಶಗಳಲ್ಲಿ ಪದ್ಯದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಪಟ್ಟಿಯನ್ನು ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ ಉಳಿಸಿದರೆ ಇಂದಿನ ಸಲಕರಣೆಗಳು ಅದನ್ನು ಸರಿಯಾಗಿ ಓದುತ್ತವೆ. ಆದರೆ ಕೆಲವು ಬರಹದ ತಂತ್ರಾಂಶಗಳು ಕಡತದ ತಲೆಯಲ್ಲಿ ಕಣ್ಣಿಗೆ ಕಾಣದ ಗುರುತೊಂದನ್ನು ಸೇರಿಸುವುದರಿಂದ ಸಲಕರಣೆಗೆ ಮೊದಲ ಸಾಲೇ ಅರ್ಥವಾಗದೆ ಹೋಗುವುದುಂಟು. ಸಮಯವನ್ನು ಕನ್ನಡ ಅಂಕಿಗಳಲ್ಲಿ ಬರೆಯುವವರು ಗಮನಿಸಬೇಕಾದ ಇನ್ನೊಂದು ಸಂಗತಿ: ಪೈಥಾನ್ ಭಾಷೆಯಲ್ಲಿ ಬರೆದ ಸಲಕರಣೆ ೧೨ ಎಂಬುದನ್ನು ಹನ್ನೆರಡೆಂದೇ ಓದಿಕೊಳ್ಳಬಲ್ಲದು, ಉಳಿದ ಎಷ್ಟೋ ಸಲಕರಣೆಗಳು ಓದಲಾರವು. ಶೀರ್ಷಿಕೆ ಕನ್ನಡದಲ್ಲಿಯೂ ಸಮಯದ ಅಂಕಿಗಳು ಅಂತರರಾಷ್ಟ್ರೀಯ ರೂಪದಲ್ಲಿಯೂ ಇರುವುದು ಸದ್ಯಕ್ಕೆ ಸುರಕ್ಷಿತ.

ಪಟ್ಟಿಯ ಬೇರೆ ಮಾದರಿಗಳೂ ಬಳಕೆಯಲ್ಲಿವೆ. ವಿನ್ಆಂಪ್ ಪ್ಲೇಯರಿನಿಂದ ಜನಪ್ರಿಯವಾದ ಎಂ3ಯು ಪಟ್ಟಿಯಲ್ಲಿ ಇರುವುದು ಹಾಡಿನ ಒಟ್ಟು ಅವಧಿಯೇ ಹೊರತು ಆರಂಭದ ಸ್ಥಾನವಲ್ಲ, ಸ್ಥಾನ ಬೇಕೆಂದರೆ ಅವಧಿಗಳನ್ನು ಒಂದರ ಮೇಲೊಂದು ಕೂಡಿಸುತ್ತ ಬರಬೇಕು. ಆಡಾಸಿಟಿ ಎಂಬ ಉಚಿತ ತಂತ್ರಾಂಶದ ಲೇಬಲ್ ಕಡತದಲ್ಲಿ ಆರಂಭ ಮತ್ತು ಅಂತ್ಯಗಳು ದಶಮಾಂಶ ಸೆಕೆಂಡುಗಳಲ್ಲಿರುತ್ತವೆ. ಫ್ರೇಮಿನ ಗೊಡವೆಯಿಲ್ಲದ ಇದು ಹೊಸದಾಗಿ ಗುರುತು ಹಾಕುವವರಿಗೆ ಅತ್ಯಂತ ಸುಲಭ. ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ಓಡುವ ಕನ್ನಡ ಹಾಡುಗಳ ಜೂಕ್‌ಬಾಕ್ಸ್ ವಿಡಿಯೊಗಳ ಕೆಳಗೆ ಕಾಣುವ ಸಮಯದ ಪಟ್ಟಿಯೂ ಇದೇ ಕುಲದ್ದು. ಮೊದಲ ಗುರುತು 0:00 ಆಗಿದ್ದು, ಕನಿಷ್ಠ ಮೂರು ಗುರುತುಗಳಿದ್ದು, ಒಂದೊಂದು ಭಾಗವೂ ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದಿದ್ದರೆ ಅಲ್ಲಿ ಅಧ್ಯಾಯಗಳು ತಾವಾಗಿ ಮೂಡುತ್ತವೆ. ವಿಡಿಯೊದ ಆರಂಭಕ್ಕೆ ಸಂಸ್ಥೆಯ ಲಾಂಛನದ ಹತ್ತು ಸೆಕೆಂಡು ಸೇರಿಸಿದವರು ಪಟ್ಟಿಯನ್ನು ಸರಿಸಲು ಮರೆತರೆ ಪ್ರತಿ ಹಾಡಿನ ಮೇಲೆ ಒತ್ತಿದಾಗಲೂ ಹಿಂದಿನ ಹಾಡಿನ ಬಾಲವೇ ಕೇಳಿಸುತ್ತದೆ.

ಪಟ್ಟಿಯ ಗೋಜೇ ಬೇಡ, ಮುದ್ರಿಕೆಯನ್ನೇ ಪದ್ಯಪದ್ಯವಾಗಿ ಕತ್ತರಿಸಿ ಬೇರೆ ಬೇರೆ ಕಡತಗಳಾಗಿ ಇಟ್ಟುಬಿಟ್ಟರಾಯಿತೆಂಬ ವಾದ ಸಾಮಾನ್ಯವಾಗಿ ಕೇಳಿಬರುತ್ತದೆ. ಕತ್ತರಿಸುವ ಸಲಕರಣೆಗಳೂ ಇವೆ. ಲಿನಕ್ಸಿನಲ್ಲಿ ಕ್ಯೂಟೂಲ್ಸ್ ಮತ್ತು ಎಸ್‌ಎಚ್‌ಎನ್‌ಟೂಲ್ ಎಂಬವು ಕ್ಯೂ ಶೀಟನ್ನು ಓದಿ ಕ್ಷಣಮಾತ್ರದಲ್ಲಿ ಆ ಕೆಲಸ ಮಾಡುತ್ತವೆ. ಕೇಳುವುದಕ್ಕೆಂದು ಒಂದು ಪ್ರತಿಯನ್ನು ಹಾಗೆ ಮಾಡಿಕೊಳ್ಳುವುದರಲ್ಲಿ ದೋಷವಿಲ್ಲ. ಮೂಲವನ್ನೇ ಹಾಗೆ ಕತ್ತರಿಸಿ ಇಡುವುದು ಮಾತ್ರ ತಪ್ಪು. ಅರ್ಥಧಾರಿ ಮಾತು ಮುಗಿಸಿ ಭಾಗವತರು ಪದ್ಯ ಎತ್ತಿಕೊಳ್ಳುವ ನಡುವಿನ ಮೌನ, ಸಭೆಯ ನಗು, ಮದ್ದಲೆಯವರು ಶ್ರುತಿ ನೋಡಿಕೊಳ್ಳುವ ಸದ್ದು ಇವೆಲ್ಲ ಕತ್ತರಿಸುವವರ ದೃಷ್ಟಿಯಲ್ಲಿ ಕಸ, ಕಲೆಯನ್ನು ಅಭ್ಯಾಸ ಮಾಡುವವರಿಗೆ ಆಕರ. ಗುರುತು ತಪ್ಪಿದ್ದರೆ ಪಟ್ಟಿಯಲ್ಲಿ ತಿದ್ದಬಹುದು. ಕತ್ತರಿಸಿ ಎಸೆದ ಮೂರು ಸೆಕೆಂಡನ್ನು ಯಾವ ಸಲಕರಣೆಯೂ ಮರಳಿ ಕೊಡಲಾರದು. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಮತ್ತು ಸಂಗಡಿಗರು 1990ರ ಡಿಸೆಂಬರಿನಲ್ಲಿ ದಕ್ಷಿಣ ಕನ್ನಡದ ಗೋಪಾಲ ನಾಯ್ಕರ ಬಾಯಿಂದ ತುಳುವಿನ ಸಿರಿ ಮಹಾಕಾವ್ಯವನ್ನು ಮುದ್ರಿಸಿಕೊಂಡಾಗ ಅದು ಹಲವು ದಿನಗಳ ಹಾಡುಗಾರಿಕೆಯಾಗಿತ್ತು. 1998ರಲ್ಲಿ ಪ್ರಕಟವಾದ ಪಠ್ಯದಲ್ಲಿ 15,683 ಸಾಲುಗಳಿವೆ. ಅಂಥ ಮುದ್ರಿಕೆಯಲ್ಲಿ ಯಾವ ಸಾಲು ಎಲ್ಲಿದೆಯೆಂದು ಹೇಳುವ ಪಟ್ಟಿಗೂ ಪಠ್ಯಕ್ಕೆ ಸಲ್ಲುವ ಗೌರವವೇ ಸಲ್ಲಬೇಕು. 2001ರಲ್ಲಿ ಬಂದ ಫ್ಲ್ಯಾಕ್ ಎಂಬ ಧ್ವನಿಮಾದರಿ ಧ್ವನಿಯ ಒಂದು ಅಂಕಿಯನ್ನೂ ಕಳೆದುಕೊಳ್ಳದೆ ಕಡತದ ಗಾತ್ರವನ್ನು ತಗ್ಗಿಸುವುದರ ಜೊತೆಗೆ ಕ್ಯೂ ಶೀಟಿನ ಗುರುತುಗಳನ್ನು ತನ್ನೊಳಗೇ ಇಟ್ಟುಕೊಳ್ಳಲು ಜಾಗ ಕೊಡುತ್ತದೆ. ಮೂಲವನ್ನು ಇಡಿಯಾಗಿ ಉಳಿಸಬಯಸುವವರಿಗೆ ಇದಕ್ಕಿಂತ ಅನುಕೂಲವಾದದ್ದು ಬೇರಿಲ್ಲ.

ಕ್ಯಾಸೆಟ್ಟುಗಳನ್ನು ಡಿಜಿಟಲ್ ಮಾಡಿಸುತ್ತಿರುವ ಕುಟುಂಬಗಳು ಧ್ವನಿಯ ಕಡತದ ಪಕ್ಕದಲ್ಲೇ ಒಂದು ಅಕ್ಷರದ ಕಡತವನ್ನೂ ಇಡಬೇಕು. ಅದರಲ್ಲಿ ಎರಡೂ ಬದಿಗಳ ಉದ್ದ, ಯಾವ ಯಂತ್ರದಲ್ಲಿ ಓಡಿಸಲಾಯಿತೆಂಬ ವಿವರ, ತಿಳಿದಷ್ಟು ಪದ್ಯಗಳ ಮೊದಲ ಪದ, ಭಾಗವತರ ಮತ್ತು ಅರ್ಥಧಾರಿಗಳ ಹೆಸರು, ಅವುಗಳ ಮುಂದೆ ನಿಮಿಷ ಸೆಕೆಂಡು ಇಷ್ಟಿದ್ದರೆ ಸಾಕು. ನಿಮಿಷ ಸೆಕೆಂಡುಗಳು ಹೆಚ್ಚುಕಡಿಮೆಯಾಗಿದ್ದರೆ ಮುಂದೆ ಯಾರು ಬೇಕಾದರೂ ಒಂದು ಸಾಲಿನ ಆದೇಶದಿಂದ ತಿದ್ದಿಕೊಳ್ಳುತ್ತಾರೆ. ಹೆಸರುಗಳನ್ನು ಮಾತ್ರ, ಆ ದನಿಗಳನ್ನು ಕೇಳಿದ ಕೂಡಲೇ ಗುರುತು ಹಿಡಿಯಬಲ್ಲ ಹಿರಿಯರು ಮನೆಯಲ್ಲಿರುವಾಗಲೇ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಸಿಕೊಳ್ಳಬೇಕು.